ಮುಂದಿನ ಹಲ್ಲು ಮುರಿದಾಗ: ಚೂರು ಎಸೆಯಬೇಡಿ, ಕ್ಯಾಪ್‌ಗೆ ಅವಸರ ಬೇಡ

ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು ನಮ್ಮ ಕಡೆ ರೂಢಿ. ಹೆಂಚಿನ ಮನೆ ಹೋಗಿ ತಾರಸಿ ಬಂದರೂ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಇದನ್ನು ಬಿಟ್ಟಿಲ್ಲ. ಅದು ಚೆಂದದ ರೂಢಿಯೇ. ಆದರೆ ಮಗು ಬಿದ್ದು ಹೊಸ ಹಲ್ಲಿನ ಚೂರು ಹಾರಿದಾಗಲೂ ಅದನ್ನು ಹಾಗೇ ಎಸೆದುಬಿಡುತ್ತಾರೆ. ಇಲ್ಲವೇ ಅಲ್ಲೇ ಬಿಟ್ಟು ಬರುತ್ತಾರೆ. ಆ ಚೂರನ್ನೇ ಮತ್ತೆ ಅಂಟಿಸಿ ಹಲ್ಲನ್ನು ಮೊದಲಿನ ಹಾಗೆ ಮಾಡಬಹುದು ಅನ್ನೋದು ತುಂಬಾ ಜನರಿಗೆ ಗೊತ್ತಿಲ್ಲ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಹಲ್ಲಿನ ಡಾಕ್ಟರ್. ಮಳೆಗಾಲದಲ್ಲಿ ಶಾಲೆಯ ಜಗಲಿ ಜಾರುವಾಗ, ಬೇಸಿಗೆ ರಜೆಯಲ್ಲಿ ಮಕ್ಕಳು ಸೈಕಲ್ ಕಲಿಯುವಾಗ, ವರ್ಷವಿಡೀ ಬೈಕಿನಿಂದ ಬಿದ್ದವರಿಂದ, ಮುರಿದ ಹಲ್ಲುಗಳು ಬರುತ್ತಲೇ ಇರುತ್ತವೆ. ಹೆಚ್ಚಾಗಿ ಮೇಲಿನ ಸಾಲಿನ ನಡುವಿನ ಎರಡು ಹಲ್ಲು. ಆ ಮಕ್ಕಳ ಮುಖ ನೋಡಿದರೆ ಸಂಕಟವಾಗುತ್ತದೆ. ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾರೆ. ಹೆತ್ತವರದು ಒಂದೇ ಪ್ರಶ್ನೆ: "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬೇಕಾ?" ರೂಟ್ ಕೆನಾಲ್ ಅಂದರೆ ಹಲ್ಲಿನೊಳಗಿನ ನರ ತೆಗೆದು ತುಂಬುವುದು, ಕ್ಯಾಪ್ ಅಂದರೆ ಹಲ್ಲನ್ನು ಸುತ್ತ ತೇದು ಟೋಪಿಯ ಹಾಗೆ ಹೊದಿಸುವುದು. ಬಹಳ ಸಲ ಉತ್ತರ, ಬೇಡ. ಉಳಿದಿರುವ ಹಲ್ಲನ್ನು ಹೆಚ್ಚು ಮುಟ್ಟದೆ ರಿಪೇರಿ ಮಾಡುವ ದಾರಿಗಳಿವೆ. ಅದಕ್ಕೆ ನೀವು ಏನೇನು ಮಾಡಬೇಕು, ಡಾಕ್ಟರ್ ಹತ್ತಿರ ಏನು ಕೇಳಬೇಕು ಅಂತ ಒಂದೊಂದಾಗಿ ಬರೆಯುತ್ತೇನೆ.

ಮೊದಲ ಹತ್ತು ನಿಮಿಷ

ಮೊದಲು ಹಲ್ಲಲ್ಲ, ತಲೆ ನೋಡಿ. ಬಿದ್ದವರಿಗೆ ಪ್ರಜ್ಞೆ ತಪ್ಪಿತ್ತಾ, ವಾಂತಿ ಬರುತ್ತಿದೆಯಾ, ಮಂಪರು ಇದೆಯಾ, ಬಾಯಿ ತೆರೆದು ಮುಚ್ಚಲು ಆಗುತ್ತಿಲ್ಲವಾ? ಇದರಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ ಹೋಗಿ. ಹಲ್ಲು ಕಾಯುತ್ತದೆ.

ಇದ್ಯಾವುದೂ ಇಲ್ಲ ಅಂದರೆ ಬಾಯಿಯನ್ನು ತಣ್ಣೀರಿನಲ್ಲಿ ಮುಕ್ಕಳಿಸಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಮಡಚಿ ಐದು ನಿಮಿಷ ಒತ್ತಿ ಹಿಡಿಯಿರಿ. ತುಟಿ ಊದುತ್ತಿದ್ದರೆ ಬಟ್ಟೆಯಲ್ಲಿ ಐಸ್ ಸುತ್ತಿ ಹೊರಗಿನಿಂದ ಇಡಿ.

ಆಮೇಲೆ ಚೂರು ಹುಡುಕಿ. ಬಿದ್ದ ಜಾಗಕ್ಕೆ ಒಬ್ಬರು ವಾಪಸ್ ಹೋಗಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎಷ್ಟೋ ಸಲ ಸಿಗುತ್ತದೆ. ಮಗುವಿನ ಅಂಗಿ ಮಡಿಕೆ, ಜೇಬು ಕೂಡ ನೋಡಿ. ತುಟಿಗೂ ಗಾಯವಾಗಿದ್ದರೆ ಚೂರು ತುಟಿಯ ಒಳಗೇ ಹೊಕ್ಕಿರಬಹುದು. ಅದನ್ನು ಡಾಕ್ಟರಿಗೆ ಹೇಳಿ, ತುಟಿಗೆ ಒಂದು ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಬಿದ್ದಾಗಿನಿಂದ ಬಿಡದೆ ಕೆಮ್ಮು ಬರುತ್ತಿದ್ದರೆ ಚೂರು ಶ್ವಾಸನಾಳಕ್ಕೆ ಹೋಗಿರುವ ಸಾಧ್ಯತೆ ಇದೆ. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸಿಕ್ಕ ಚೂರನ್ನು ಒಣಗಲು ಬಿಡಬೇಡಿ. ಮಣ್ಣಿದ್ದರೆ ನೀರಿನಲ್ಲಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ಬ್ರಷ್ ಹಾಕಬೇಡಿ. ಒಂದು ಸಣ್ಣ ಡಬ್ಬಿಯಲ್ಲಿ ಹಾಲು ಹಾಕಿ ಅದರಲ್ಲಿ ಮುಳುಗಿಸಿ. ಹಾಲಿಲ್ಲದಿದ್ದರೆ ನೀರಾದರೂ ಸರಿ, ಮುರಿದ ಚೂರಿಗೆ ಅಷ್ಟು ಸಾಕು. ಹತ್ತಿಯಲ್ಲಿ, ಪೇಪರಿನಲ್ಲಿ ಸುತ್ತಿ ತಂದಾಗ ಚೂರು ಒಣಗಿ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾಗಿರುತ್ತದೆ. ಒಮ್ಮೆ ಒಬ್ಬರು ಕುಂಕುಮದ ಡಬ್ಬಿಯಲ್ಲಿ ತಂದಿದ್ದರು, ಕೈಗೆ ಸಿಕ್ಕಿದ್ದು ಅದೇ. ಪುಣ್ಯಕ್ಕೆ ತೊಳೆದು, ನೆನೆಸಿ, ಅಂಟಿಸಲು ಆಯಿತು. ಒಣಗಿದ ಚೂರನ್ನೂ ಎಸೆಯಬೇಡಿ ಅಂತ ಹೇಳೋಕೆ ಇದನ್ನು ಬರೆದೆ.

ಮನೆಮದ್ದಿನಲ್ಲಿ ಎರಡನ್ನು ಖಂಡಿತ ಮಾಡಬೇಡಿ. ಒಂದು, ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್, ನಾವು ಆಮೇಲೆ ಹಾಕುವ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಸರಿಯಾಗಿ ಗಟ್ಟಿಯಾಗದ ಹಾಗೆ ಮಾಡುತ್ತದೆ. ಎರಡು, ಫೆವಿಕ್ವಿಕ್ ಥರದ ಅಂಟು. ಚೂರನ್ನು ಮನೆಯಲ್ಲೇ ಅಂಟಿಸಿಕೊಂಡು ಬಂದವರನ್ನು ನೋಡಿದ್ದೇನೆ. ಒಂದು ಕೂದಲೆಳೆಯಷ್ಟು ಅಂಟು ಉಳಿದರೂ ಚೂರು ಮತ್ತೆ ಸರಿಯಾಗಿ ಕೂರುವುದಿಲ್ಲ. ನೋವಿದ್ದರೆ ವಯಸ್ಸಿಗೆ ತಕ್ಕ ಪ್ಯಾರಾಸಿಟಮಾಲ್ ಕೊಡಿ, ಸಾಕು. ಗಾಯಕ್ಕೆ ಮಣ್ಣು ತಾಗಿದ್ದರೆ ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿಕೊಳ್ಳಿ.

ಮುರಿದ ಜಾಗದ ಬಣ್ಣ ನೋಡಿ

ಬೆಳಕಿಗೆ ನಿಂತು ಮುರಿದ ಅಂಚನ್ನು ನೋಡಿದರೆ ಅರ್ಧ ವಿಷಯ ನಿಮಗೇ ತಿಳಿಯುತ್ತದೆ.

ಬರೀ ಬಿಳಿ ಕಂಡರೆ ಹೊರಗಿನ ಎನಾಮಲ್ ಮಾತ್ರ ಚಕ್ಕೆ ಎದ್ದಿದೆ. ನೋವಿರುವುದಿಲ್ಲ. ನಾಲಿಗೆಗೆ ಚುಚ್ಚುವ ಅಂಚನ್ನು ನುಣುಪು ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ನಡುವೆ ಹಳದಿ ಕಂಡರೆ ಅದು ಡೆಂಟಿನ್. ಅದರ ತುಂಬಾ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳು, ಎಲ್ಲವೂ ನರದ ಕಡೆಗೇ ಹೋಗುತ್ತವೆ. ಅದಕ್ಕೇ ತಣ್ಣೀರು ಕುಡಿದರೆ, ಗಾಳಿ ಎಳೆದುಕೊಂಡರೆ ಹಲ್ಲು ಜುಮ್ ಅನ್ನುತ್ತದೆ. ಇದನ್ನು ಒಂದೆರಡು ದಿನದೊಳಗೆ ಮುಚ್ಚಿಸಲೇಬೇಕು. ನೋವು ಕಡಿಮೆಯಾಯಿತು ಅಂತ ಸುಮ್ನೆ ಬಿಟ್ಟರೆ ಅದೇ ಕೊಳವೆಗಳ ಮೂಲಕ ಸೋಂಕು ಒಳಗಿಳಿಯುತ್ತದೆ.

ಹಳದಿಯ ನಡುವೆ ಕೆಂಪು ಚುಕ್ಕೆ ಕಂಡು ರಕ್ತ ಜಿನುಗುತ್ತಿದ್ದರೆ ನರವೇ ತೆರೆದುಕೊಂಡಿದೆ. ಅವತ್ತೇ ಹೋಗಿ. ಆದರೆ ಗಾಬರಿ ಬೇಡ. ಈ ಹಲ್ಲಿನ ನರವನ್ನೂ ಉಳಿಸಿಕೊಳ್ಳಬಹುದು. ಅದನ್ನು ಮುಂದೆ ಹೇಳುತ್ತೇನೆ.

ಯಾರ ಹತ್ತಿರ ಹೋಗಬೇಕು

ಹತ್ತಿರದಲ್ಲಿ ಯಾವ ದಂತವೈದ್ಯರಿದ್ದಾರೋ ಅವರ ಹತ್ತಿರ ಮೊದಲು ಹೋಗಿ. ತೆರೆದ ಜಾಗವನ್ನು ಮುಚ್ಚುವ ಕೆಲಸ ಎಲ್ಲರಿಗೂ ಬರುತ್ತದೆ. ಪೂರ್ತಿ ರಿಪೇರಿಗೆ ತಜ್ಞರು ಬೇಕೆನಿಸಿದರೆ ಬೋರ್ಡಿನಲ್ಲಿ 'ಕನ್ಸರ್ವೇಟಿವ್ ಡೆಂಟಿಸ್ಟ್ರಿ ಅಂಡ್ ಎಂಡೋಡಾಂಟಿಕ್ಸ್' ಅಂತ ಇರುವವರನ್ನು ನೋಡಿ. ಹಲ್ಲನ್ನು ಉಳಿಸಿಕೊಳ್ಳುವ ಓದು ಅದು, ಹೆಸರಿನಲ್ಲೇ ಇದೆ. ಮಕ್ಕಳಿಗೆ ಪೀಡೋಡಾಂಟಿಸ್ಟ್ ಅಂತ ಬೇರೆಯೇ ತಜ್ಞರಿದ್ದಾರೆ.

ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜುಗಳಿಗೆ ಹೋಗಿ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರು, ಮಣಿಪಾಲ, ಮೈಸೂರುಗಳಲ್ಲಿ ಖಾಸಗಿ ಕಾಲೇಜುಗಳಿವೆ. ಎಂಡಿಎಸ್ (ಹಲ್ಲಿನ ಡಾಕ್ಟರಾದ ಮೇಲಿನ ಓದು) ಓದುತ್ತಿರುವವರು ಪ್ರೊಫೆಸರ್ ಕಣ್ಣೆದುರು ಕೆಲಸ ಮಾಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ನಾನು ಕಲಿತದ್ದೂ ಅಂಥದೇ ಒಂದು ಕುರ್ಚಿಯ ಪಕ್ಕ ನಿಂತು.

ಮೊದಲ ದಿನ ಡಾಕ್ಟರ್ ಎಕ್ಸ್‌ರೇ ತೆಗೆಯಬೇಕು. ಬೇರು ಮುರಿದಿದೆಯಾ, ಮಕ್ಕಳಲ್ಲಾದರೆ ಬೇರು ಎಷ್ಟು ಬೆಳೆದಿದೆ ಅಂತ ಕಾಣುವುದು ಅದರಲ್ಲೇ. ಹಲ್ಲು ಅಲ್ಲಾಡುತ್ತಿದೆಯಾ ನೋಡುತ್ತಾರೆ. ತಣ್ಣನೆಯದು ತಾಗಿಸಿ ನರದ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ. ಪೆಟ್ಟು ಬಿದ್ದ ಹಲ್ಲು ಕೆಲವು ವಾರ, ಒಮ್ಮೊಮ್ಮೆ ಮೂರು ತಿಂಗಳವರೆಗೂ ಈ ಪರೀಕ್ಷೆಗೆ ಉತ್ತರ ಕೊಡದೆ ಇರಬಹುದು. ಅದು ಸತ್ತಿದೆ ಅಂತಲ್ಲ. ಅದೊಂದೇ ಕಾರಣಕ್ಕೆ ರೂಟ್ ಕೆನಾಲ್ ಮಾಡುವುದು ಸರಿಯಲ್ಲ. ಬಣ್ಣ ಕಪ್ಪಾಗುವುದು, ವಸಡಿನಲ್ಲಿ ಕೀವಿನ ಗುಳ್ಳೆ, ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ, ಹೀಗೆ ಇನ್ನೊಂದು ಗುರುತಾದರೂ ಜೊತೆಗೆ ಸಿಗಬೇಕು.

ಚೂರು ಇದ್ದರೆ: ಅದನ್ನೇ ಅಂಟಿಸುವುದು

ಹೋದ ವರ್ಷ ಜುಲೈನಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬನನ್ನು ಅವನ ಅಜ್ಜಿ ಕರೆತಂದರು. ಶಾಲೆಯ ಜಗಲಿಯಲ್ಲಿ ಜಾರಿ ಬಿದ್ದಿದ್ದ. ಅಜ್ಜಿಯ ಒಂದು ಕೈಯಲ್ಲಿ ಮೊಮ್ಮಗ, ಇನ್ನೊಂದರಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಚೆಲ್ಲದ ಹಾಗೆ ಎದೆಗೆ ಒತ್ತಿ ಹಿಡಿದಿದ್ದರು. "ಪಿಟಿ ಮೇಷ್ಟ್ರು ಫೋನಲ್ಲಿ ಹೇಳಿದ್ರು, ಹಾಲಲ್ಲಿ ಹಾಕಿಟ್ಟಿದೀನಿ ಡಾಕ್ಟ್ರಮ್ಮಾ, ತಪ್ಪಾಯ್ತಾ?" ಅಂದರು. ಮುಚ್ಚಳ ತೆಗೆದೆ. ತಳದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ಓರೆಯಾಗಿ ಮುರಿದ ಚೂರು. ತೊಳೆದು ಹಲ್ಲಿನ ಮೇಲೆ ಇಟ್ಟು ನೋಡಿದೆ. ಒಡೆದ ತೆಂಗಿನಕಾಯಿಯ ಎರಡು ಹೋಳು ಕೂಡಿಸಿದ ಹಾಗೆ ಕೂತಿತು. ಆ ಕ್ಷಣಕ್ಕೆ ನನಗೆ ಆಗುವ ಸಂತೋಷವೇ ಬೇರೆ.

ಅಂಟಿಸುವ ಮೊದಲು ಚೂರು ನೀರು ಕುಡಿಯಬೇಕು. ಒಣಗಿದ್ದರೆ ನೀರು ಅಥವಾ ಸಲೈನ್‌ನಲ್ಲಿ ಕನಿಷ್ಠ 20 ನಿಮಿಷ ನೆನೆಸುತ್ತೇವೆ. ಇದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ, ಬಣ್ಣವೂ ಬೇಗ ಹೊಂದುತ್ತದೆ. ಅಷ್ಟರಲ್ಲಿ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಕುತ್ತೇವೆ. ತೆಳುವಾದ ರಬ್ಬರ್ ಹಾಳೆಗೆ ತೂತು ಮಾಡಿ ಹಲ್ಲುಗಳನ್ನಷ್ಟೇ ಹೊರಗೆ ತರುವುದು. ಮಕ್ಕಳು ಮೊದಲು ಹೆದರುತ್ತಾರೆ, ಆದರೆ ಎಂಜಲು ತಾಗದ ಹಾಗೆ ಕೆಲಸ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಅಂಟಿನ ಕೆಲಸದಲ್ಲಿ ಒಂದು ಹನಿ ಎಂಜಲು ಬಿದ್ದರೂ ಎಲ್ಲ ಮೊದಲಿನಿಂದ.

ಆಮೇಲೆ ಹಲ್ಲಿಗೂ ಚೂರಿಗೂ ಸುಮಾರು ಶೇ. 37ರ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚುತ್ತೇವೆ. ಎನಾಮಲ್‌ಗೆ ಅರ್ಧ ನಿಮಿಷದವರೆಗೆ, ಡೆಂಟಿನ್‌ಗೆ 15 ಸೆಕೆಂಡ್ ಸಾಕು. ತೊಳೆದು ಹಗುರವಾಗಿ ಒಣಗಿಸಿದರೆ ಎನಾಮಲ್ ಮಂಜು ಹಿಡಿದ ಗಾಜಿನ ಹಾಗೆ ಕಾಣುತ್ತದೆ. ಆ ಒರಟು ಮೈಯಲ್ಲಿ ಅಂಟು ಇಳಿದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದನ್ನು 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ಅಮೆರಿಕದ ದಂತವಿಜ್ಞಾನಿ ತೋರಿಸಿಕೊಟ್ಟರು. ಅದಕ್ಕೂ ಮೊದಲು ಹಲ್ಲಿಗೆ ಏನನ್ನು ಕೂರಿಸಬೇಕಾದರೂ ಗಟ್ಟಿ ಹಲ್ಲನ್ನು ಕೊರೆದು ಹಿಡಿತ ಮಾಡಬೇಕಿತ್ತು. ಮುಂದೆ 1962ರಲ್ಲಿ ರಫೇಲ್ ಬೋವೆನ್ ರೂಪಿಸಿದ ರಾಳದಿಂದ ಇವತ್ತಿನ ಕಾಂಪೋಸಿಟ್ ಬೆಳೆಯಿತು. ಕೊರೆಯದೆ ಅಂಟಿಸುವ ನಮ್ಮ ಕೆಲಸವೆಲ್ಲ ನಿಂತಿರುವುದು ಈ ಇಬ್ಬರ ಮೇಲೆ.

ಅಂಟು ಹಚ್ಚಿ, ನಡುವೆ ಸ್ವಲ್ಪ ಕಾಂಪೋಸಿಟ್ ಇಟ್ಟು, ಚೂರನ್ನು ಕೂರಿಸಿ, ನೀಲಿ ಲೈಟ್ ಹಿಡಿಯುತ್ತೇವೆ. ಎದುರಿನಿಂದ, ಹಿಂದಿನಿಂದ, ಅಂಚಿನಿಂದ. ಕೂಡಿದ ಗೆರೆ ಕಂಡರೆ ಅದರ ಮೇಲೆ ಸಣ್ಣ ಗೀರು ಮಾಡಿ ಕಾಂಪೋಸಿಟ್ ತುಂಬಿ ಮರೆಮಾಡುತ್ತೇವೆ. ಆ ಹುಡುಗನಿಗೆ ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ಇಂಜೆಕ್ಷನ್ ಬೇಕಾಗಲಿಲ್ಲ. ಎದ್ದವನು ಮೊದಲು ನಾಲಿಗೆಯಿಂದ ಸವರಿ ನೋಡಿದ. ಹತ್ತು ದಿನ ಬಿಟ್ಟು ಬಂದಾಗ ಚೂರಿನ ಬಿಳಿ ಇಳಿದು ಬಣ್ಣ ಹೊಂದಿಕೊಂಡಿತ್ತು. ಅಜ್ಜಿ ಅವನನ್ನು ಕಿಟಕಿ ಹತ್ತಿರ ನಿಲ್ಲಿಸಿ, ಗಲ್ಲ ಹಿಡಿದೆತ್ತಿ, "ಯಾವ್ದು ಮುರ್ದಿದ್ದು?" ಅಂತ ಅವನನ್ನೇ ಕೇಳಿದರು.

ಇದರಷ್ಟು ಸಹಜವಾದದ್ದು ಬೇರೆ ಇಲ್ಲ. ಅದೇ ಹಲ್ಲು, ಅದೇ ಬಣ್ಣ, ಅದೇ ಹೊಳಪು. ಕೊರತೆ ಒಂದೇ, ಇನ್ನೊಮ್ಮೆ ಜೋರು ಪೆಟ್ಟು ಬಿದ್ದರೆ ಅದೇ ಜಾಗದಲ್ಲಿ ಬಿಡಬಹುದು. ಆಗ ಮತ್ತೆ ಅಂಟಿಸಬಹುದು, ಇಲ್ಲ ಕಾಂಪೋಸಿಟ್‌ನಲ್ಲಿ ಕಟ್ಟಬಹುದು. ಕಳೆದುಕೊಂಡದ್ದು ಏನೂ ಇಲ್ಲ.

ಚೂರು ಸಿಗದಿದ್ದರೆ: ಕಾಂಪೋಸಿಟ್‌ನಲ್ಲಿ ಕಟ್ಟುವುದು

ಜನ ಇದನ್ನು 'ಸಿಮೆಂಟ್ ಹಾಕಿಸುವುದು' ಅನ್ನುತ್ತಾರೆ. ಹಲ್ಲಿನ ಬಣ್ಣದ ರಾಳವನ್ನು ಪದರ ಪದರವಾಗಿ ಇಟ್ಟು ಲೈಟಿನಿಂದ ಗಟ್ಟಿ ಮಾಡುತ್ತಾ ಹೋಗುವುದು. ಇದನ್ನು ಮಾಡಿಸುವಾಗ ನೀವು ಕೆಲವು ವಿಷಯ ಗಮನಿಸಿದರೆ ಒಳ್ಳೆಯದು.

ಶೇಡ್ ನೋಡುವುದು ಮೊಟ್ಟಮೊದಲ ಕೆಲಸ. ಬಾಯಿ ಬಹಳ ಹೊತ್ತು ತೆರೆದಿದ್ದರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಆಗ ನೋಡಿದ ಬಣ್ಣ ತಪ್ಪಾಗುತ್ತದೆ. ಆದ್ದರಿಂದ ಕೂತ ತಕ್ಷಣ, ಹಲ್ಲು ಒದ್ದೆ ಇರುವಾಗಲೇ, ಹಗಲು ಬೆಳಕಿನಲ್ಲಿ ನೋಡಬೇಕು. ಸಾಧ್ಯವಾದರೆ ಬೆಳಿಗ್ಗೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಲಿಪ್‌ಸ್ಟಿಕ್ ಹಚ್ಚಬೇಡಿ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯೂ ಬೇಡ. ಹಲ್ಲು ಬಿಳಿ ಮಾಡಿಸುವ ಆಸೆ ಇದ್ದರೆ ಅದನ್ನು ಮೊದಲು ಮಾಡಿಸಿ, ಎರಡು ವಾರ ಬಿಟ್ಟು ಕಾಂಪೋಸಿಟ್ ಹಾಕಿಸಿ. ಕಾಂಪೋಸಿಟ್ ಬಿಳಿಯಾಗುವುದಿಲ್ಲ. ಬ್ಲೀಚ್ ಮಾಡಿದ ಕೂಡಲೇ ಹಾಕಿದರೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಮುರಿಯುವ ಮೊದಲು ನಗುತ್ತಾ ತೆಗೆಸಿಕೊಂಡ ಫೋಟೋ ಒಂದನ್ನು ತನ್ನಿ. ಮದುವೆಯದೋ, ನಾಮಕರಣದ್ದೋ, ಮೊಬೈಲಿನಲ್ಲಿರುವುದೋ ಯಾವುದಾದರೂ ಸರಿ. ಹಲ್ಲಿನ ಮೂಲೆ ದುಂಡಗಿತ್ತಾ, ಚೂಪಾಗಿತ್ತಾ, ಎರಡರ ನಡುವೆ ಸಂದಿ ಇತ್ತಾ ಅಂತ ಅದರಲ್ಲಿ ಕಾಣುತ್ತದೆ. ಎಷ್ಟೋ ಜನಕ್ಕೆ ಆ ಸಣ್ಣ ಸಂದಿಯೇ ಅವರ ನಗು. ಅದನ್ನು ಕೇಳದೆ ಮುಚ್ಚಬಾರದು.

ದೊಡ್ಡ ಭಾಗ ಮುರಿದಿದ್ದರೆ ಅಳತೆ ತೆಗೆದು, ಹಲ್ಲುಗಳ ಪ್ರತಿರೂಪದ ಮೇಲೆ ಮೇಣದಲ್ಲಿ ಹಲ್ಲನ್ನು ಪೂರ್ತಿ ಮಾಡಿ, ಅದರ ಹಿಂಬದಿಗೆ ಕಲಸಿದ ಹಿಟ್ಟಿನಂಥ ಪುಟ್ಟಿಯಿಂದ ಒಂದು ಅಚ್ಚು ಮಾಡಿಕೊಳ್ಳುತ್ತೇವೆ. ಅದನ್ನು ಬಾಯಿಯಲ್ಲಿ ಹಲ್ಲಿನ ಹಿಂದೆ ಒತ್ತಿಟ್ಟು ಮೊದಲು ತೆಳುವಾದ ಎನಾಮಲ್ ಬಣ್ಣದ ಗೋಡೆ, ಅದರ ಮುಂದೆ ಗಾಢ ಡೆಂಟಿನ್ ಬಣ್ಣ, ಕೊನೆಗೆ ಮತ್ತೆ ಎನಾಮಲ್. ಒಂದೊಂದು ಪದರ ಎರಡು ಮಿಲಿಮೀಟರ್ ದಾಟಬಾರದು, ದಾಟಿದರೆ ಲೈಟು ಒಳಗೆ ಮುಟ್ಟುವುದಿಲ್ಲ. ಕನ್ನಡಿಯಲ್ಲಿ ನಿಮ್ಮ ಮುಂದಿನ ಹಲ್ಲಿನ ತುದಿ ನೋಡಿ. ಅಲ್ಲಿ ಸ್ವಲ್ಪ ನೀಲಿ ಛಾಯೆಯ ಪಾರದರ್ಶಕ ಪಟ್ಟಿ ಇರುತ್ತದೆ, ಹರೆಯದವರಲ್ಲಿ ಹೆಚ್ಚು. ಅದನ್ನು ತಂದರೆ ಹಲ್ಲು ಹಲ್ಲಿನಂತೆ ಕಾಣುತ್ತದೆ, ಇಲ್ಲದಿದ್ದರೆ ಸುಣ್ಣ ಬಳಿದ ಹಾಗೆ. ಇದೆಲ್ಲ ಹದಿನೈದು ನಿಮಿಷದಲ್ಲಿ ಆಗುವುದಲ್ಲ. ಒಂದು ಗಂಟೆಯೋ ಜಾಸ್ತಿಯೋ ಕೂರಲು ತಯಾರಾಗಿ ಬನ್ನಿ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರು ಕಡೆಯವರಿಗೆ ಒಂದು ವಿಶೇಷ ಮಾತು. ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಅಲ್ಲಿ ತುಂಬಾ ಜನರ ಹಲ್ಲಿನಲ್ಲಿ ಬಿಳಿ, ಕಂದು ಮಚ್ಚೆಗಳಿರುತ್ತವೆ. ಆ ಎನಾಮಲ್ ಮೇಲೆ ಆಸಿಡ್ ಸುಲಭಕ್ಕೆ ಕೆಲಸ ಮಾಡುವುದಿಲ್ಲ, ಹೆಚ್ಚು ಹೊತ್ತು ಹಚ್ಚಬೇಕಾಗುತ್ತದೆ. ಬಣ್ಣ ಹೊಂದಿಸುವುದೂ ಕಷ್ಟ. ಆದರೆ ಕಾಂಪೋಸಿಟ್‌ಗೆಂದೇ ಬಿಳಿ, ಕಂದು ಬಣ್ಣಗಳು ಸಿಗುತ್ತವೆ. ಪಕ್ಕದ ಹಲ್ಲಿನ ಮಚ್ಚೆಯನ್ನೇ ಹೊಸ ಹಲ್ಲಿಗೂ ಬಿಡಿಸಬಹುದು. ಒಬ್ಬ ಹುಡುಗಿ "ಅಕ್ಕಾ, ನಂಗೆ ಮಚ್ಚೆ ಇಲ್ದೇ ಮಾಡಿ" ಅಂದಳು. ಒಂದು ಹಲ್ಲು ಮಾತ್ರ ಬೆಳ್ಳಗಿದ್ದರೆ ಅದೇ ಎದ್ದು ಕಾಣುತ್ತೆ ಅಲ್ವಾ ಅಂತ ಕನ್ನಡಿ ಕೊಟ್ಟು ತೋರಿಸಿದೆ. ಒಪ್ಪಿದಳು.

ಕೊನೆಗೆ ಪಾಲಿಶ್, ಆಮೇಲೆ ಕಚ್ಚಿಸಿ ನೋಡುವುದು. ಬಣ್ಣದ ಕಾಗದ ಇಟ್ಟು ಬರೀ ಕಚ್ಚಿಸಿದರೆ ಸಾಲದು. ಕೆಳಗಿನ ದವಡೆಯನ್ನು ಮುಂದಕ್ಕೆ, ಪಕ್ಕಕ್ಕೆ ಸರಿಸಿ ನೋಡಬೇಕು. ಹೊಸ ತುದಿ ಮೊದಲು ತಾಗುತ್ತಿದ್ದರೆ ಆಗಲೇ ಹೇಳಿ. ಅದನ್ನು ಬಿಟ್ಟರೆ ವಾರದಲ್ಲಿ ಮುರಿಯುತ್ತದೆ.

ಕೆಂಪು ಚುಕ್ಕೆ ಕಂಡರೆ

ಮೇಲಿನ ನಡುವಿನ ಹಲ್ಲು ಏಳೆಂಟು ವರ್ಷಕ್ಕೆ ಹುಟ್ಟುತ್ತದೆ. ಅದರ ಬೇರು ಪೂರ್ತಿ ಬೆಳೆದು ತುದಿ ಮುಚ್ಚಲು ಇನ್ನೂ ಮೂರು ವರ್ಷ ಬೇಕು. ಅಲ್ಲಿಯವರೆಗೆ ಬೇರಿನ ಗೋಡೆ ತೆಳು, ತುದಿ ಕೊಳವೆಯ ಹಾಗೆ ತೆರೆದಿರುತ್ತದೆ. ಬೇರನ್ನು ಬೆಳೆಸುವುದು ಒಳಗಿನ ನರವೇ. ಅದನ್ನು ತೆಗೆದರೆ ಬೆಳವಣಿಗೆ ಅಲ್ಲಿಗೇ ನಿಂತು, ಆ ತೆಳು ಬೇರು ಮುಂದೊಂದು ದಿನ ಮುರಿಯುವ ಭಯ. ಆದ್ದರಿಂದ ಎಂಟು ವರ್ಷದ ಮಗುವಿಗೆ ನರ ತೆರೆದಿದೆ ಅಂತ ಕೂಡಲೇ ರೂಟ್ ಕೆನಾಲ್ ಮಾಡಬಾರದು.

ಬದಲಿಗೆ ಮಾಡುವುದು ಪಾರ್ಶಿಯಲ್ ಪಲ್ಪಾಟಮಿ. ಸ್ವೀಡನ್ನಿನ ದಂತವೈದ್ಯ ಮಿಯೋಮಿರ್ ಸ್ವೆಕ್ 1978ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. 60 ಹಲ್ಲುಗಳಲ್ಲಿ ಶೇ. 96 ವಾಸಿಯಾಗಿದ್ದವು. ಮಾಡುವುದು ಇಷ್ಟೇ: ಮರಗಟ್ಟಿಸಿ, ತೆರೆದ ನರದ ಮೇಲಿನ ಸುಮಾರು ಎರಡು ಮಿಲಿಮೀಟರ್ ಮಾತ್ರ ತೆಗೆದು, ಒದ್ದೆ ಹತ್ತಿಯಿಂದ ರಕ್ತ ನಿಲ್ಲಿಸಿ, ಮೇಲೆ ಔಷಧಿ ಇಟ್ಟು ಮುಚ್ಚುವುದು. ಸ್ವೆಕ್ ಬಳಸಿದ ಔಷಧಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಂದರೆ ನಾವು ಎಲೆಗೆ ಸವರುವ ಸುಣ್ಣವೇ, ಶುದ್ಧ ಮಾಡಿದ್ದು. ಹಾಗಂತ ಮನೆಯ ಸುಣ್ಣ ಹಚ್ಚಬೇಡಿ, ಸುಟ್ಟು ಹೋಗುತ್ತದೆ! ಈಗ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್‌ಗಳೂ ಬಂದಿವೆ. ಮುಂದಿನ ಹಲ್ಲಾದ್ದರಿಂದ "ಬಣ್ಣ ಕಪ್ಪಾಗದ ಸಿಮೆಂಟ್ ಹಾಕ್ತೀರಾ ಡಾಕ್ಟ್ರೇ?" ಅಂತ ಕೇಳಿ. ಎಂಟಿಎ ಎಂಬ ಹಳೆಯ ಸಿಮೆಂಟಿನಿಂದ ಹಲ್ಲು ಕಪ್ಪಾಗುವುದುಂಟು.

ಒಂದೆರಡು ದಿನ ತಡವಾಗಿದ್ದರೂ ಈ ಚಿಕಿತ್ಸೆ ಆಗುತ್ತದೆ. ದೊಡ್ಡವರಲ್ಲೂ ಎಷ್ಟೋ ಸಲ ಆಗುತ್ತದೆ. "ನರ ಉಳಿಸೋಕೆ ಆಗುತ್ತಾ?" ಎಂದು ಕೇಳುವುದು ನಿಮ್ಮ ಹಕ್ಕು.

"ಕ್ಯಾಪ್ ಹಾಕಿಬಿಡೋಣ" ಅಂದಾಗ

ಇದನ್ನು ಬರೆಯಲು ನನಗೆ ಸ್ವಂತ ಕಾರಣವಿದೆ. ಕಲಿತು ಬಂದ ಹೊಸದರಲ್ಲಿ ಬೇರೆಯವರ ಕ್ಲಿನಿಕ್‌ನಲ್ಲಿ ಕೆಲಸಕ್ಕಿದ್ದೆ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಬಂದಳು. ಒಂದು ಮೂಲೆ ಮಾತ್ರ ಮುರಿದಿತ್ತು. ಕ್ಯಾಪ್ ಹಾಕುವುದೇ ಅಲ್ಲಿನ ರೂಢಿ. ನಾನೇ ಸುತ್ತ ತೇದು ಗೂಟದ ಹಾಗೆ ಮಾಡಿದೆ. ಫೋಟೋದಲ್ಲಿ ಚೆನ್ನಾಗಿಯೇ ಕಂಡಿತು. ಕೆಲವು ವರ್ಷ ಬಿಟ್ಟು ಮಗುವನ್ನೆತ್ತಿಕೊಂಡು ನನ್ನನ್ನು ಹುಡುಕಿ ಬಂದಳು. ವಸಡು ಇಳಿದು ಕ್ಯಾಪಿನ ಅಂಚು ಕಪ್ಪು ಗೆರೆಯಾಗಿ ಕಾಣುತ್ತಿತ್ತು. ಬೇರಿನ ತುದಿಯಲ್ಲಿ ಕೀವು. ಮುರಿದದ್ದು ಒಂದು ಮೂಲೆ, ಕಳೆದುಕೊಂಡದ್ದು ಹಲ್ಲಿನ ಬಹುಪಾಲು. ಅವಳು ನನ್ನನ್ನು ಬೈಯಲಿಲ್ಲ. ಆದರೆ ಆ ಹಲ್ಲು ನನಗೆ ಇವತ್ತಿಗೂ ನೆನಪಿದೆ.

ಮುಂದಿನ ಹಲ್ಲಿಗೆ ಪೂರ್ತಿ ಕ್ಯಾಪ್ ಹಾಕಲು ತೇದರೆ ಬಾಯಿಯಲ್ಲಿ ಕಾಣುವ ಭಾಗದ ತೂಕದಲ್ಲಿ ಶೇ. 63ರಿಂದ 72ರಷ್ಟು ಹೋಗುತ್ತದೆ ಎಂದು 2002ರಲ್ಲಿ ಸಂಶೋಧಕರು ತೂಗಿ ತೋರಿಸಿದ್ದಾರೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕಾಂಪೋಸಿಟ್ ಕೆಲವು ವರ್ಷಕ್ಕೆ ಮಾಸುತ್ತದೆ, ಅಂಚು ಒಡೆಯುತ್ತದೆ, ನಿಜ. ಆದರೆ ಆ ಜಾಗವನ್ನಷ್ಟೇ ಸರಿಮಾಡಿ ಮುಂದೆ ಹೋಗಬಹುದು. ತೇದ ಹಲ್ಲಿಗೆ ಆ ಅವಕಾಶವಿಲ್ಲ. ಮಕ್ಕಳಲ್ಲಂತೂ ನರದ ಕೋಣೆ ದೊಡ್ಡದು, ವಸಡು ಇನ್ನೂ ಜಾಗ ಬದಲಿಸುತ್ತಿರುತ್ತದೆ. ಅವರಿಗೆ ಕ್ಯಾಪ್ ಮಾತು ದೊಡ್ಡವರಾದ ಮೇಲೆ.

ಕ್ಯಾಪ್ ಬೇಡವೇ ಬೇಡ ಅನ್ನುತ್ತಿಲ್ಲ. ಹಲ್ಲಿನ ಬಹುಭಾಗ ಹೋಗಿದ್ದರೆ, ಮೊದಲೇ ದೊಡ್ಡ ಫಿಲ್ಲಿಂಗ್‌ಗಳಿದ್ದರೆ ಅದೇ ಸರಿ. ನಡುವೆ ವೆನೀರ್ ಎಂಬ ಹಾದಿಯೂ ಇದೆ, ಮುಂಭಾಗದಲ್ಲಿ ಮಾತ್ರ ತೆಳ್ಳಗೆ ತೇದು ಹಲ್ಲಿನ ಬಣ್ಣದ ತೆಳು ಬಿಲ್ಲೆಯನ್ನು ಅಂಟಿಸುವುದು. ರೂಟ್ ಕೆನಾಲ್ ಆದ ಹಲ್ಲು ಕಪ್ಪಾಗಿದೆ ಅನ್ನುವುದೊಂದೇ ಕಾರಣವಾದರೆ ಮೊದಲು ಒಳಗಿನಿಂದ ಬ್ಲೀಚ್ ಮಾಡಿ ನೋಡಬಹುದು. ಒಪ್ಪುವ ಮುಂಚೆ ಇಷ್ಟು ಕೇಳಿ: ತೇಯದೆ ಆಗುತ್ತಾ? ನರ ಚೆನ್ನಾಗಿದೆಯಾ? ಕಾಂಪೋಸಿಟ್ ಹಾಕಿ ಕೆಲವು ವರ್ಷ ನೋಡೋಣವಾ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಇಡೀ ಹಲ್ಲೇ ಬೇರು ಸಮೇತ ಬಂದರೆ

ಇಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಬಿಳಿ ಭಾಗ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಕೊಳೆಯಿದ್ದರೆ ಹಾಲಿನಲ್ಲೋ ನೀರಿನಲ್ಲೋ ಒಮ್ಮೆ ಅದ್ದಿ, ಅಲ್ಲೇ ಅದರ ಗುಳಿಗೆ ವಾಪಸ್ ಕೂರಿಸಿ, ಮಡಚಿದ ಕರವಸ್ತ್ರ ಕಚ್ಚಿಸಿ, ಡಾಕ್ಟರ ಹತ್ತಿರ ಓಡಿ. ಕೂರಿಸಲು ಧೈರ್ಯ ಬಾರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ತನ್ನಿ. ಒಂದು ಗಂಟೆ ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ನೀರಿನಲ್ಲಿ ಮುಳುಗಿಸಿಡುವುದು ಈ ಹಲ್ಲಿಗೆ ಒಳ್ಳೆಯದಲ್ಲ, ಮುರಿದ ಚೂರಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಹಾಲುಹಲ್ಲಾದರೆ ಮಾತ್ರ ವಾಪಸ್ ಇಡಬೇಡಿ, ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಅದನ್ನು ಬೇಕಾದರೆ ಮಾಡಿನ ಮೇಲೆ ಎಸೆಯಿರಿ.

ಮನೆಗೆ ಬಂದ ಮೇಲೆ

ಒಂದೆರಡು ವಾರ ಮೆತ್ತಗಿನ ಊಟ. ಇಡ್ಲಿ, ಮೊಸರನ್ನ, ಮುದ್ದೆ, ಉಪ್ಪಿಟ್ಟು ಯಾವುದೂ ತೊಂದರೆಯಿಲ್ಲ. ಮೆತ್ತನೆ ಬ್ರಷ್‌ನಲ್ಲಿ ದಿನಕ್ಕೆ ಎರಡು ಸಲ ಉಜ್ಜಲೇಬೇಕು. ನೋವಾಗುತ್ತೆ ಅಂತ ಬಿಟ್ಟರೆ ವಸಡು ಊದುತ್ತದೆ.

ಆಮೇಲೂ ಮುಂದಿನ ಹಲ್ಲಿನಿಂದ ಕಬ್ಬು ಸಿಗಿಯುವುದು, ಸೀಬೆಕಾಯಿ ಕಚ್ಚುವುದು, ಕೋಡುಬಳೆ ಮುರಿಯುವುದು ಬೇಡ. ಸಂಕ್ರಾಂತಿ ಮರುದಿನ ಕಾಂಪೋಸಿಟ್ ಮುರಿದುಕೊಂಡು ಬರುವವರು ಪ್ರತಿ ವರ್ಷ ಇದ್ದಾರೆ. ಕಬ್ಬನ್ನು ಸಣ್ಣಗೆ ಹೆಚ್ಚಿ ದವಡೆಯಲ್ಲಿ ಅಗಿಯಿರಿ. ಹೂ ಕಟ್ಟುವಾಗ ದಾರ ಕಚ್ಚಿ ತುಂಡು ಮಾಡುವುದು, ಬಾಯಲ್ಲಿ ಪಿನ್ ಹಿಡಿಯುವುದು, ಉಗುರು ಕಚ್ಚುವುದು, ಇವು ಒಂದೇ ದಿನಕ್ಕೆ ಮುರಿಯುವುದಿಲ್ಲ. ಅಂಚನ್ನು ದಿನಾ ಸ್ವಲ್ಪ ಸ್ವಲ್ಪ ಸಡಿಲಿಸುತ್ತವೆ. ಕಾಫಿ, ಟೀ, ಎಲೆ ಅಡಿಕೆಯಿಂದ ಕಾಂಪೋಸಿಟ್ ಬಣ್ಣ ಹಿಡಿಯುತ್ತದೆ, ಕುಡಿದ ಮೇಲೆ ನೀರಿನಲ್ಲಿ ಮುಕ್ಕಳಿಸಿ. ಹಲ್ಲು ಉಬ್ಬಿರುವ ಮಕ್ಕಳಿಗೆ ಪೆಟ್ಟು ಬೀಳುವುದು ಜಾಸ್ತಿ. ಅವರಿಗೆ ಕ್ಲಿಪ್ ಹಾಕಿಸುವ ಬಗ್ಗೆ ಕೇಳಿ ನೋಡಿ. ಕಬಡ್ಡಿ, ಹಾಕಿ ಆಡುವವರಿಗೆ ಮೌತ್‌ಗಾರ್ಡ್ ಇರಲಿ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ತಪಾಸಣೆ. ನೋವಿಲ್ಲ, ಚೆನ್ನಾಗಿ ಕಾಣುತ್ತಿದೆ, ಮತ್ಯಾಕೆ ಹೋಗಬೇಕು ಅಂತ. ಪೆಟ್ಟು ಬಿದ್ದ ನರ ತಿಂಗಳುಗಳ ಮೇಲೆ ಸದ್ದಿಲ್ಲದೆ ಸಾಯಬಹುದು. ಆರರಿಂದ ಎಂಟು ವಾರ ಆದಾಗ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ ಎಕ್ಸ್‌ರೇ ಬೇಕು. ನರ ತೆರೆದಿದ್ದ ಹಲ್ಲಿಗೆ ನಡುವೆ ಮೂರು, ಆರು ತಿಂಗಳಿಗೂ ಬರಬೇಕು. ಈ ದಿನಗಳನ್ನು ಮನೆಯ ಕ್ಯಾಲೆಂಡರ್ ಮೇಲೆ ಆಗಲೇ ಬರೆದುಬಿಡಿ.

ಆ ಮೂರನೇ ಕ್ಲಾಸಿನ ಹುಡುಗ ವರ್ಷದ ತಪಾಸಣೆಗೆ ಅಜ್ಜಿಯ ಜೊತೆಯೇ ಬಂದಿದ್ದ. ಎರಡು ಎಕ್ಸ್‌ರೇಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಮೊದಲನೆಯದರಲ್ಲಿ ಬೇರಿನ ತುದಿ ತೆರೆದುಕೊಂಡಿತ್ತು. ಎರಡನೆಯದರಲ್ಲಿ ಗೋಡೆ ದಪ್ಪವಾಗಿ, ತುದಿ ಕಿರಿದಾಗುತ್ತಾ ಬಂದಿತ್ತು. "ಅಂದ್ರೆ ಇನ್ನೂ ಬೆಳೀತಾ ಇದೆಯಾ?" ಅಂದರು ಅಜ್ಜಿ. ಹೌದು, ಬೆಳೀತಾ ಇದೆ ಅಂದೆ.